ನೀರುಳ್ಳಿ ತುಂಬಿದ್ದ ಕಡಲ ತೊಟ್ಟಿ

ಕುಮಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿದಾಗ ನನಗೆ ಇಪ್ಪತ್ತಮೂರು ವರ್ಷ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶಾಲೆಯಿಂದ ಕಡಲಿಗೆ ಒಂದೂವರೆ ಮೈಲು. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ತರಗತಿಯ ಕಿಟಕಿಯ ಸರಳುಗಳನ್ನು ಮುಟ್ಟಿದ ಕೈಗೆ ಉಪ್ಪು ಅಂಟುತ್ತಿತ್ತು. ಆದರೂ ಕಡಲಿನ ಜೀವಿಗಳ ಪಾಠವನ್ನು ನಾನು ಮಾಡುತ್ತಿದ್ದುದು ಗೋಡೆಗೆ ತೂಗುಹಾಕಿದ ಒಂದು ಬಟ್ಟೆಯ ಚಿತ್ರಪಟ ನೋಡಿ. ಅದರಲ್ಲಿ ನಕ್ಷತ್ರಮೀನು ಕಡುನೀಲಿ, ಖಾಲಿ ಶಂಖದೊಳಗೆ ಬದುಕುವ ಸನ್ಯಾಸಿ ಏಡಿ ಕುಂಕುಮದಷ್ಟು ಕೆಂಪು.

ಒಂದು ದಿನ ಬಂದರಿನ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಅಕ್ಕೋರೆ, ಆ ಏಡಿ ಹಾಂಗೆ ಇರೂದಿಲ್ಲ. ಕಲ್ಲಿನ ಬಣ್ಣವೇ ಇರ್ತದೆ. ಅಲ್ಲಾಡದಿದ್ರೆ ಕಾಣೂದೂ ಇಲ್ಲ" ಎಂದಳು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ನಾನು "ಹೌದು, ಚಿತ್ರ ಬರೆದವರು ಬಣ್ಣ ಸ್ವಲ್ಪ ಜಾಸ್ತಿ ಹಾಕಿದ್ದಾರೆ" ಎಂದು ಹೇಳಿ ಅವಳನ್ನು ಕುಳ್ಳಿರಿಸಿದೆ. ನಿಜ ಹೇಳಬೇಕೆಂದರೆ ಜೀವ ಇರುವ ಸನ್ಯಾಸಿ ಏಡಿಯನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ನಮ್ಮದು ಮೀನು ತಿನ್ನದ ಮನೆ. ಅಪ್ಪ ತೀರಿಕೊಂಡ ಮೇಲೆ ಆಯಿ, ಅಂದರೆ ಅಮ್ಮ, ನನ್ನ ಜೊತೆಗೇ ಕುಮಟೆಯ ಬಾಡಿಗೆ ಮನೆಯಲ್ಲಿದ್ದಳು. ಮೀನಿನ ಬುಟ್ಟಿ ಹೊತ್ತವರು ಎದುರಾದರೆ ಅವಳು ಸೆರಗನ್ನು ಮೂಗಿಗೆ ಹಿಡಿದು ರಸ್ತೆಯ ಆಚೆ ಬದಿಗೆ ಹೋಗುವವಳು.

ಆ ವರ್ಷ ದಸರೆಯ ರಜೆಯಲ್ಲಿ ನನ್ನ ಜೊತೆ ಟ್ರೇನಿಂಗ್ ಮಾಡಿದ್ದ ಗೆಳತಿಯೊಬ್ಬಳು ಭಟ್ಕಳಕ್ಕೆ ಕರೆದಳು. ಅವಳು ಅಲ್ಲಿಯ ಶಾಲೆಯಲ್ಲಿ ಕೆಲಸದಲ್ಲಿದ್ದಳು. ಅವಳ ನೆರೆಮನೆಯಲ್ಲಿ ಒಬ್ಬರು ನವಾಯತ ಮುಸ್ಲಿಮರ ಬೀಬಿ ಇದ್ದರು, ಅರವತ್ತು ದಾಟಿದವರು. ಚಹಾ ಕುಡಿಯಲು ಕರೆದರೆಂದು ಹೋದೆವು. ಒಳಜಗಲಿಯ ಮೂಲೆಯಲ್ಲಿ ಕಬ್ಬಿಣದ ಚೌಕಟ್ಟಿನ ಗಾಜಿನ ಪೆಟ್ಟಿಗೆಯೊಂದು ಕಂಡಿತು. ಎರಡೂವರೆ ಅಡಿ ಉದ್ದ, ಹದಿನೈದು ಇಂಚು ಎತ್ತರ, ತಳಕ್ಕೆ ಕರಿಕಲ್ಲಿನ ಹಾಸು. ಅದರ ತುಂಬ ನೀರುಳ್ಳಿ. ನೀರುಳ್ಳಿಯ ಹಿಂದಿನ ಗಾಜಿನ ಮೇಲೆ ಸುಣ್ಣದಂಥ ಬಿಳಿ ಕಲೆಗಳು, ಕೆನ್ನೇರಳೆ ಹೊಪ್ಪಳೆಗಳು, ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಸುರುಳಿ ಚಿಪ್ಪುಗಳು.

"ಇದರಲ್ಲಿ ಮೊದಲು ಎಂತ ಇತ್ತು?" ಎಂದು ಕೇಳಿದೆ.

"ದರ್ಯಾ ಇತ್ತು, ಬೇಟಿ" ಎಂದರು ಬೀಬಿ. ದರ್ಯಾ ಎಂದರೆ ಸಮುದ್ರ. ಅವರ ಯಜಮಾನರು ಬೊಂಬಾಯಿಯಲ್ಲಿ ಬಟ್ಟೆಯ ವ್ಯಾಪಾರ ಮಾಡುತ್ತಿದ್ದಾಗ ಒಬ್ಬ ಪಾರಸಿ ಮಿತ್ರರಿಂದ ಅದನ್ನು ತಂದಿದ್ದರಂತೆ. ವ್ಯಾಪಾರ ಬಿಟ್ಟು ಊರಿಗೆ ಬಂದ ಮೇಲೂ ಅದರಲ್ಲಿ ಉಪ್ಪುನೀರು ತುಂಬಿಸಿ ಬಣ್ಣದ ಮರಿಮೀನು, ಏಡಿ ಸಾಕಿದ್ದರು. "ಸಾಕಿದ್ದು ಅವರು. ತೊಳೆದದ್ದು ಎಲ್ಲ ನಾನು. ಬಂದವರ ಹತ್ತಿರ 'ನನ್ನ ಮೀನು' ಅಂತ ಹೇಳುವರು. ಆ ಮೀನಿಗೆ ಅವರ ಮುಖ ಗೊತ್ತಿರಲಿಲ್ಲ, ನನ್ನದೇ ಗೊತ್ತಿತ್ತು" ಎಂದು ನಕ್ಕರು. ಯಜಮಾನರು ಹೋಗಿ ಆರು ವರ್ಷವಾಗಿತ್ತು. ಅಂದಿನಿಂದ ಅದರಲ್ಲಿ ನೀರುಳ್ಳಿ.

ನನಗೆ ಎಲ್ಲಿಂದ ಧೈರ್ಯ ಬಂತೋ, ನಮ್ಮ ಶಾಲೆಗೆ ಇದನ್ನು ಕೊಡುತ್ತೀರಾ ಎಂದು ಕೇಳಿಯೇಬಿಟ್ಟೆ. ಗೆಳತಿ ನನ್ನ ಮೊಣಕೈ ಚಿವುಟಿದಳು. ಬೀಬಿ ಎದ್ದು ಪೆಟ್ಟಿಗೆಯ ಗಾಜನ್ನು ಸೆರಗಿನಿಂದ ಒಂದು ಸಲ ಒರೆಸಿದರು. ಆಮೇಲೆ ಒಳಗಿನಿಂದ ಗೋಣಿಚೀಲ ತರಿಸಿ, "ಮೊದಲು ನೀರುಳ್ಳಿ ತೆಗೀರಿ ಇಬ್ಬರೂ" ಎಂದರು.

ನಾವು ನೀರುಳ್ಳಿ ಆರಿಸುತ್ತಿದ್ದಂತೆ ಅವರು ಎದುರಿಗೆ ಮಣೆ ಹಾಕಿಕೊಂಡು ಕೂತು ತೊಳೆಯುವ ಕ್ರಮ ಹೇಳಿದರು. ಸೋಪು ಮುಟ್ಟಿಸಬಾರದು. ಸೋಪು ಹಾಕಿ ಬಟ್ಟೆ ಒಗೆದ ಕೈಯನ್ನೂ ಇದರೊಳಗೆ ಹಾಕಬಾರದು. ಗಾಜಿಗೆ ಹಿಡಿದ ಸುಣ್ಣದ ಹೊಪ್ಪಳೆಗೆ ಹುಳಿ ಹಚ್ಚಬೇಕು, ಮೆತ್ತಗಾದ ಮೇಲೆ ಬ್ಲೇಡಿನಿಂದ ಹೆರೆಯಬೇಕು. ಉಜ್ಜಲು ಹರಳುಪ್ಪು ಸಾಕು. ಮರಳನ್ನು ಕುದಿಸಿ ತೊಳೆಯಬೇಕು, ತೊಳೆದ ನೀರು ಕುಡಿಯುವ ನೀರಿನಷ್ಟು ತಿಳಿಯಾಗುವವರೆಗೆ. ಕಡಲ ನೀರನ್ನು ಮಣ್ಣಿನ ಕೊಡದಲ್ಲೇ ತರಬೇಕು.

"ತಾಮ್ರದ ಕೊಡದಲ್ಲಿ ತಂದರೆ?"

"ಮನುಷ್ಯರಿಗೆ ತಾಮ್ರ ಒಳ್ಳೇದು. ಏಡಿಗೆ ವಿಷ. ನಮ್ಮವರು ಒಂದ್ಸಲ ತಾಮ್ರದ ಹಂಡೆಯಲ್ಲಿ ತಂದರು. ಎರಡು ದಿನದಲ್ಲಿ ಒಂದೂ ಉಳೀಲಿಲ್ಲ. ಆಮೇಲೆ ಅವರು ನೀರು ತರುವ ಕೆಲಸವನ್ನೂ ನನಗೇ ಬಿಟ್ಟರು."

ನಾನು ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಬೀಬಿಗೆ ಅದು ಬಹಳ ಖುಷಿ ಕೊಟ್ಟಿತು. ತಾನು ಹೇಳಿದ್ದನ್ನು ಬರೆದುಕೊಂಡವರು ಇದೇ ಮೊದಲು ಎಂದರು.

ಮರುದಿನ ಬೆಳಿಗ್ಗೆ ಪೆಟ್ಟಿಗೆಗೆ ಹುಲ್ಲು, ಹಳೆಯ ಸೀರೆ ಸುತ್ತಿ ಬಸ್ ಸ್ಟ್ಯಾಂಡಿಗೆ ತಂದೆವು. ಕಂಡಕ್ಟರ್ ಅದನ್ನು ಮೇಲೆ ಹಾಕಲು ಒಪ್ಪಲಿಲ್ಲ. "ಗಾಜು ಒಡೆದ್ರೆ ನಾ ಜವಾಬ್ದಾರಿ ಅಲ್ಲ. ಬೇಕಾದ್ರೆ ಹಿಂದಿನ ಸೀಟಿನಾಗೆ ನೀವೇ ಹಿಡ್ಕಂಡು ಕೂತ್ಕಳ್ಳಿ" ಎಂದ. ಮುರ್ಡೇಶ್ವರದ ತಿರುವಿನವರೆಗೂ ನಾನು ಅದನ್ನು ತಬ್ಬಿಕೊಂಡೇ ಕೂತಿದ್ದೆ. ಅಲ್ಲಿ ಹತ್ತಿದ ಒಬ್ಬರು ಹಿರಿಯರು ನನ್ನ ಸ್ಥಿತಿ ನೋಡಿ ಇನ್ನೊಂದು ತುದಿ ಹಿಡಿದರು. ಹೊಳೆಯ ಈಚೆ ದಡದ ಕಾಸರಕೋಡಿನಲ್ಲಿ ಬಸ್ಸಿನ ದಾರಿ ಮುಗಿಯುತ್ತಿತ್ತು. ಶರಾವತಿಗೆ ಆಗ ಸೇತುವೆ ಇರಲಿಲ್ಲ. ಇಳಿದು, ಲಾಂಚು ಹತ್ತಿ, ಆಚೆ ದಡದ ಹೊನ್ನಾವರಕ್ಕೆ ಹೋಗಿ ಬೇರೆ ಬಸ್ಸು ಹಿಡಿಯಬೇಕಿತ್ತು.

ಲಾಂಚಿನಲ್ಲಿ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿಯನ್ನು ನನ್ನ ಪೆಟ್ಟಿಗೆಯ ಪಕ್ಕಕ್ಕೇ ಇಟ್ಟಳು. ಸೀರೆಯ ಸಂದಿಯಿಂದ ಇಣುಕಿ ನೋಡಿ, "ಇದು ಎಂತದು?" ಎಂದಳು. ಇದರಲ್ಲಿ ಕಡಲ ನೀರು ತುಂಬಿಸಿ ಮೀನು ಸಾಕುತ್ತೇವೆ ಎಂದೆ.

"ಸಾಕಿ?"

"ನೋಡೂದು. ಮಕ್ಕಳಿಗೆ ತೋರ್ಸೂದು."

"ತಿನ್ನೂಕಲ್ಲ?"

"ಅಲ್ಲ."

ಅವಳು ತನ್ನ ಜೊತೆಯವಳಿಗೆ ಕೊಂಕಣಿಯಲ್ಲಿ ಏನೋ ಹೇಳಿದಳು. ಅದು ಲಾಂಚಿನ ಈ ತುದಿಯಿಂದ ಆ ತುದಿಗೆ ಹೋಗಿ, ಹೋದಲ್ಲೆಲ್ಲ ನಗು ಎಬ್ಬಿಸಿ ಮರಳಿ ಬಂತು. ಇಳಿಯುವಾಗ ಮಾತ್ರ ಅವಳೇ ಪೆಟ್ಟಿಗೆಯ ಒಂದು ಕೊನೆ ಹಿಡಿದು, ಹಲಗೆಯ ಮೇಲೆ ಹುಷಾರಾಗಿ ಹೆಜ್ಜೆ ಇಟ್ಟು ದಡಕ್ಕೆ ಮುಟ್ಟಿಸಿದಳು. "ಮೀನಿಗೆ ಗಾಜಿನ ಮನೆ. ನಮ್ಮನೆಗೆ ಇನ್ನೂ ತೆಂಗಿನ ಮಡಲಿನ ಮಾಡು" ಎಂದು ಹೇಳಿ ಬುಟ್ಟಿ ಹೊತ್ತು ಹೋದಳು.

ಕುಮಟೆಯಲ್ಲಿ ಶಾಲೆಗೆ ಬೀಗ ಬಿದ್ದಿತ್ತು. ದೀಪಾವಳಿ ಮುಗಿಯುವವರೆಗೂ ರಜೆ. ಹಾಗಾಗಿ ತೊಟ್ಟಿಯನ್ನು ಮನೆಗೇ ಒಯ್ಯಬೇಕಾಯಿತು. ಆಯಿ ಬಾಗಿಲಲ್ಲೇ ತಡೆದಳು.

"ಎಂತದೇ ಇದು? ನಾತ ಬತ್ತಾ ಇದ್ದು."

"ನೀರುಳ್ಳಿ ನಾತ, ಆಯಿ."

"ನೀರುಳ್ಳಿ ನಾತ ಎಂಗೆ ಗೊತ್ತಿದ್ದು. ಅದರ ಅಡಿಗೆ ಇನ್ನೊಂದು ಇದ್ದು. ಒಳಗೆ ತರಡ."

ಒಳಗೆ ತರಲಿಲ್ಲ. ಹಿತ್ತಲಿನ ಬಾವಿಕಟ್ಟೆಯ ಪಕ್ಕದಲ್ಲಿ ಒಗೆಯುವ ಕಲ್ಲಿನ ಮೇಲೆ ಇಟ್ಟೆ. ಅಲ್ಲೇ ಕೆಲಸ ಶುರುವಾಯಿತು. ಮೊದಲು ಒಣಗಿದ ಪಾಚಿ ತೆಗೆದೆ. ಅದು ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಆಮೇಲೆ ಹುಳಿಯ ಸರದಿ. ನೆರೆಮನೆಯ ಹಿತ್ತಲಲ್ಲಿ ಬಿಂಬುಳಿ ಮರವಿತ್ತು. ಕಾಯಿ ಕಚ್ಚಿದರೆ ಎರಡೂ ಕಣ್ಣು ತಾನಾಗಿ ಮುಚ್ಚುವಷ್ಟು ಹುಳಿ. ಒಂದು ಬುಟ್ಟಿ ಬೇಡಿ ತಂದು, ಕಲ್ಲಿನಲ್ಲಿ ಜಜ್ಜಿ, ಆ ಲೋಳೆಯನ್ನು ಗಾಜಿಗೆ ಮೆತ್ತಿದೆ. ಸುಣ್ಣದ ಹೊಪ್ಪಳೆಗಳಿಂದ ಸಣ್ಣ ಗುಳ್ಳೆಗಳೆದ್ದವು. ಕಿವಿ ಹತ್ತಿರ ಒಯ್ದರೆ ಸುರ್ ಎನ್ನುವ ಸದ್ದು. ಆಮ್ಲ ಮತ್ತು ಸುಣ್ಣ ಸೇರಿದರೆ ಏನಾಗುತ್ತದೆ ಎಂಬುದನ್ನು ನಾನು ಎಷ್ಟೋ ಸಲ ಕರಿಹಲಗೆಯ ಮೇಲೆ ಬರೆದವಳು. ಬಾವಿಕಟ್ಟೆಯ ಮೇಲೆ ಅದು ಸದ್ದು ಮಾಡಿದಾಗ ಎಷ್ಟು ಸಂತೋಷವಾಯಿತೆಂದರೆ ಆಯಿಯನ್ನು ಕರೆದೆ. ಅವಳು ನಾಲ್ಕು ಮಾರು ದೂರದಲ್ಲೇ ನಿಂತು, "ಅಲ್ಲಿಂದಲೇ ಹೇಳು" ಎಂದಳು.

ಮೂರು ದಿನ ಹೆರೆದೆ. ಸುರುಳಿ ಚಿಪ್ಪುಗಳು ಒಂದೊಂದಾಗಿ ಕಿತ್ತು ಬಂದವು. ನಾಲ್ಕು ಬ್ಲೇಡು ಮೊಂಡಾದವು, ಬೆರಳಿಗೆ ಎರಡು ಕಡೆ ಚಿಂದಿ ಸುತ್ತಬೇಕಾಯಿತು. ಮೂರನೆಯ ದಿನ ಸಂಜೆ ಗಾಜಿನ ಆಚೆಗೆ ಬಾಳೆಯ ಗಿಡ ಸ್ಪಷ್ಟವಾಗಿ ಕಂಡಿತು. ನಾನು ತೊಟ್ಟಿಗೆ ಬಾವಿಯ ನೀರು ತುಂಬಿಸಿ ಜಗಲಿಯಲ್ಲಿ ಕೂತು ಚಹಾ ಕುಡಿದೆ. ಮರುದಿನ ಬೆಳಿಗ್ಗೆ ನೋಡಿದರೆ ಅದರಲ್ಲಿ ಮೂರು ಬೆರಳು ನೀರೂ ಇರಲಿಲ್ಲ. ಆರು ವರ್ಷ ಒಣಗಿ ಗಾಜಿನ ಸಂದಿಗೆ ಹಾಕಿದ್ದ ಅಂಟು ಬಿರುಕು ಬಿಟ್ಟಿತ್ತು.

ಗಾಜಿನ ಅಂಗಡಿಯವರು ಇದು ತಮ್ಮಿಂದಾಗದ ಕೆಲಸ ಎಂದರು. ಕಿಟಕಿಯ ಗಾಜು ಕೂರಿಸಲು ಮೆತ್ತುವ ಲಪ್ಪ ಉಪ್ಪುನೀರಿನಲ್ಲಿ ನಿಲ್ಲುವುದಿಲ್ಲವಂತೆ. ಕೊನೆಗೆ ನಮ್ಮ ಹೆಡ್‌ಮಾಸ್ತರರು ಒಂದು ಉಪಾಯ ಹೇಳಿದರು. ಬಂದರಿನ ಬಳಿ ದೋಣಿಯ ಹಲಗೆಗಳ ಸಂದಿಗೆ ಹತ್ತಿ ತುರುಕಿ ರಾಳ ಮೆತ್ತುವ ಒಬ್ಬ ಹಿರಿಯ ಇದ್ದಾನೆ, ಅವನನ್ನು ಕೇಳಿ ನೋಡಿ ಎಂದರು. ಹೋದೆ. ಮಗುಚಿ ಹಾಕಿದ ದೋಣಿಯ ಅಡಿ ಕೂತಿದ್ದ ಅವನು ನನ್ನ ಮಾತನ್ನೆಲ್ಲ ಕೇಳಿ ಉಳಿಯನ್ನು ಕೆಳಗಿಟ್ಟ.

"ಅಕ್ಕೋರೆ, ನಲವತ್ತು ವರ್ಷ ಆತು, ನಾನು ನೀರು ಒಳಗೆ ಬರದ ಹಾಂಗೆ ಮಾಡ್ತಾ ಇದ್ದೆ. ನೀವು ನೀರು ಹೊರಗೆ ಹೋಗದ ಹಾಂಗೆ ಮಾಡು ಹೇಳ್ತ್ರಿ."

"ಎರಡೂ ಒಂದೇ ಅಲ್ದಾ?"

ಅವನು ದೋಣಿಯ ಸಂದಿಯೊಂದನ್ನು ಬೆರಳಿನಿಂದ ತೋರಿಸಿದ. "ದೋಣಿಗೆ ಹೊರಗಿಂದ ಮೆತ್ತಿದ್ರೆ ನೀರೇ ಅದನ್ನ ಒತ್ತಿ ಹಿಡೀತದೆ. ಇದಕ್ಕೆ ಒಳಗಿಂದ ಮೆತ್ತಬೇಕು. ನೋಡ್ವ."

ಮರುದಿನ ಬೆಳಿಗ್ಗೆ ಬಂದ. ಬಾವಿಕಟ್ಟೆಯ ಬಳಿ ಮೂರು ಕಲ್ಲು ಹೂಡಿ ರಾಳ ಕರಗಿಸಿದ. ಅದಕ್ಕೆ ಎಣ್ಣೆ ಬೆರೆಸಿ, ನೂಲಿನಷ್ಟು ತೆಳ್ಳಗೆ ಹೊಸೆದ ಹತ್ತಿಯನ್ನು ಅದ್ದಿ, ಗಾಜು ಕಬ್ಬಿಣ ಸೇರುವ ಸಂದಿಗಳಿಗೆ ಕಟ್ಟಿಗೆಯ ಚೂರಿನಿಂದ ತುಂಬಿದ. ದೋಣಿಯ ಮೇಲೆ ಕೊಡತಿ ಬಡಿಯುವ ಆ ದಪ್ಪ ಕೈ ಗಾಜಿನ ಹತ್ತಿರ ಎಷ್ಟು ಹಗುರಾಗಿ ಓಡಾಡಿತೆಂದರೆ, ದೂರದಲ್ಲಿ ನಿಂತಿದ್ದ ಆಯಿ ಎರಡು ಮಾರು ಹತ್ತಿರ ಬಂದಳು. ಕಬ್ಬಿಣದ ತುಕ್ಕನ್ನು ಹೆರೆದು ಅದರ ಮೇಲೂ ರಾಳ ಬಳಿದ. ಧೂಪ ಹಾಕಿದಂಥ ಪರಿಮಳ ಹಿತ್ತಲೆಲ್ಲ ತುಂಬಿತು. ಆಯಿಗೆ ಅದು ಹಿಡಿಸಿತು. "ಈಗ ಅಡ್ಡಿಲ್ಲೆ. ದೇವರ ಕೋಣೆ ನಾತ ಬತ್ತು" ಎಂದಳು. ಕೆಲಸ ಮುಗಿದ ಮೇಲೆ ಅವನಿಗೆ ಅವಲಕ್ಕಿ, ಮಜ್ಜಿಗೆ ಕೊಟ್ಟಳು. ಅವನು, ನಾಲ್ಕು ದಿನ ಒಣಗಲಿ, ಆಮೇಲೆ ನೀರು ತುಂಬಿಸಿ, ತುಂಬಿದ ದಿನ ನಾನೇ ಬಂದು ನೋಡುತ್ತೇನೆ ಎಂದು ಹೇಳಿ ಹೋದ.

ಆ ನಾಲ್ಕು ದಿನದೊಳಗೆ ದೀಪಾವಳಿ ಬಂತು. ಹಬ್ಬದ ಹಿಂದಿನ ದಿನ ನಮ್ಮ ಕಡೆ ನೀರು ತುಂಬುವ ಹಬ್ಬ. ಬಚ್ಚಲಿನ ಹಂಡೆ, ಕೊಡ, ಚೆಂಬುಗಳನ್ನೆಲ್ಲ ತಿಕ್ಕಿ ಬೆಳಗಿ, ಹೊಸ ನೀರು ತುಂಬಿ, ಹಿಂಡಲಕಾಯಿ ಎಂಬ ಕಾಡುಬಳ್ಳಿ ಸುತ್ತಿ ಕುಂಕುಮ ಇಡುತ್ತಾರೆ. ನಾನು ಹೂವು ತರಲು ಪೇಟೆಗೆ ಹೋಗಿದ್ದೆ. ತಿರುಗಿ ಬಂದಾಗ ಬಾವಿಕಟ್ಟೆಯ ಬಳಿ ಹಂಡೆ ಹೊಳೆಯುತ್ತಿತ್ತು, ಕೊಡಗಳು ಹೊಳೆಯುತ್ತಿದ್ದವು, ಅವುಗಳ ಸಾಲಿನಲ್ಲಿ ನನ್ನ ತೊಟ್ಟಿಯೂ ಹೊಳೆಯುತ್ತಿತ್ತು. ಅದಕ್ಕೂ ಒಂದು ಸುತ್ತು ಹಿಂಡಲಕಾಯಿ ಬಳ್ಳಿ, ಎದುರಿನ ಗಾಜಿಗೆ ಕುಂಕುಮದ ಬೊಟ್ಟು.

"ಎಲ್ಲದನ್ನೂ ತೊಳದು, ಇದೊಂದನ್ನ ಬಿಟ್ಟರೆ ಹಬ್ಬದ ದಿನ ಸರಿ ಕಾಣ್ತಿಲ್ಲೆ ಹೇಳಿ ತೊಳದಿ" ಎಂದಳು ಆಯಿ. ಮೊದಲ ಬಾರಿಗೆ ಅವಳು ಅದನ್ನು ಮುಟ್ಟಿದ್ದಳು. ನನಗೆ ಕುಂಕುಮ ನೋಡಿ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಯಾವುದರಿಂದ ತೊಳೆದೆ ಎಂದು ಕೇಳುವ ಯೋಚನೆಯೇ ಬರಲಿಲ್ಲ. ಸೋಪು ಹಾಕಬಾರದೆಂದು ಅವಳಿಗೆ ಹೇಳಿದ್ದೆನಲ್ಲ.

ಹಬ್ಬ ಮುಗಿದ ಮೇಲೆ ಒಂದು ಎತ್ತಿನಗಾಡಿಯಲ್ಲಿ ಹನ್ನೆರಡು ಮಣ್ಣಿನ ಕೊಡ ಹೇರಿಕೊಂಡು ಕಡಲಿಗೆ ಹೋದೆ. ಭರತ ಏರಿದ ಹೊತ್ತು, ಹೊಳೆಯ ಬಾಯಿಯಿಂದ ದೂರ, ಅಲೆ ಒಡೆಯದ ಕಡೆ ಬಂಡೆಯ ಮೇಲಿಂದ ನಾನೂ ಗಾಡಿಯವನೂ ನೀರು ತುಂಬಿದೆವು. ಬಂಡೆಯ ಹೊಂಡದಲ್ಲಿ ಮೂರು ಮರಿಮೀನು ಸಿಕ್ಕಿದವು, ಬೆರಳಿನ ಅರ್ಧದಷ್ಟು ಉದ್ದ, ಮರಳಿನದೇ ಬಣ್ಣ. ಮನೆಗೆ ಬಂದು ತಳಕ್ಕೆ ಕುದಿಸಿ ತೊಳೆದ ಮರಳು ಹಾಸಿ, ಮಸ್ಲಿನ್ ಬಟ್ಟೆಯಲ್ಲಿ ಸೋಸಿ ನೀರು ಸುರಿದೆ. ಗಾಳಿಗೆ ನಾನೇ ಒಂದು ಏರ್ಪಾಡು ಮಾಡಿದ್ದೆ. ಲಾರಿಯ ಹಳೆಯ ಟ್ಯೂಬಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಅದಕ್ಕೆ ಸಪೂರ ರಬ್ಬರ್ ನಳಿಗೆ ಸಿಕ್ಕಿಸಿ, ಪ್ರಯೋಗಶಾಲೆಯ ಕ್ಲಿಪ್ಪಿನಿಂದ ಬಿಗಿ ಮಾಡಿ, ತುದಿಗೆ ಬೆತ್ತದ ತುಂಡು ಕೂರಿಸಿದ್ದೆ. ಬೆತ್ತದ ರಂಧ್ರಗಳಿಂದ ಗುಳ್ಳೆಗಳು ಬೆಳ್ಳಿಯ ಪುಡಿಯಂತೆ ಏಳುತ್ತಿದ್ದವು. ಮೂರು ಮೀನುಗಳನ್ನೂ ಬಿಟ್ಟೆ.

ಅಷ್ಟರಲ್ಲಿ ದೋಣಿಯ ಹಿರಿಯನೂ ಬಂದ. ನಾಲ್ಕೂ ಮೂಲೆಗೆ ಬೆರಳಾಡಿಸಿ ಒಣಗಿದೆ ಎಂದು ತಲೆಯಾಡಿಸಿದ. ಆಮೇಲೆ ನೀರಿನ ಮೇಲ್ಭಾಗಕ್ಕೆ ಬಗ್ಗಿ ನೋಡಿದ. ಅಲ್ಲಿ ನೊರೆ ಏಳುತ್ತಿತ್ತು. ಒಡೆದು ಹೋಗುವ ಕಡಲ ನೊರೆ ಅಲ್ಲ. ಬಟ್ಟೆ ಒಗೆದ ಬೋಗುಣಿಯ ನೊರೆ, ಮೇಲಿಂದ ಮೇಲೆ ಬೆಳೆಯುತ್ತಿತ್ತು. ಅವನು ಒಂದು ಚಿಟಿಕೆ ತೆಗೆದು ಮೂಸಿದ, ನಾಲಗೆಯ ತುದಿಗೆ ಮುಟ್ಟಿಸಿ ಉಗುಳಿದ.

"ಇದಕ್ಕೆ ಅಂಟುವಾಳ ಹಾಕಿದ್ರಾ?"

ನಾನು ಆಯಿಯ ಕಡೆ ನೋಡಿದೆ.

"ಸೋಪು ಹಾಕಿದ್ನಿಲ್ಲೆ" ಎಂದಳು ಆಯಿ. "ಅಂಟುವಾಳದ ನೀರು ಮಾಡಿ ಮೂರು ಸಲ ತೊಳದಿ. ಅದು ಕಾಯಿ ಅಲ್ದಾ? ರೇಷ್ಮೆ ಸೀರೆಗೂ ಅದನ್ನೇ ಹಾಕ್ತ."

"ಅಮ್ಮ, ಹೊಳೆಯ ಗುಂಡಿಯಲ್ಲಿ ಮೀನು ಹಿಡಿಯೂಕೆ ಕೆಲವರು ಅಂಟುವಾಳ ಜಜ್ಜಿ ಹಾಕ್ತ್ರು. ಮೀನು ಅಮಲು ಬಂದು ಮೇಲೆ ತೇಲ್ತದೆ" ಎಂದ ಅವನು, ತಪ್ಪು ಹೊರಿಸುವ ದನಿಯಲ್ಲ, ತಿಳಿಸುವ ದನಿ. ಹೇಳುತ್ತಲೇ ಅಂಗಿಯ ತೋಳು ಮಡಚಿ ತೊಟ್ಟಿಗೆ ಕೈ ಹಾಕಿದ್ದ. ಒಂದು ಕೊಡದಲ್ಲಿ ಕಡಲ ನೀರು ಇನ್ನೂ ಉಳಿದಿತ್ತು. ಮೀನುಗಳು ಆಗಲೇ ಮಗ್ಗುಲಾಗಿದ್ದವು. ಮೂರನ್ನೂ ಬೊಗಸೆಯಲ್ಲಿ ತೆಗೆದು ಕೊಡಕ್ಕೆ ಬಿಟ್ಟು, ಒಂದೊಂದನ್ನೇ ಎರಡು ಬೆರಳಿನ ನಡುವೆ ಹಗುರಾಗಿ ಹಿಡಿದು ನೀರಿನಲ್ಲಿ ಹಿಂದೆ ಮುಂದೆ ಆಡಿಸಿದ. ನಾನು ಕೊಡದೊಳಗೆ ಗಾಳಿಯ ನಳಿಗೆ ಇಳಿಸಿದೆ. ಅರ್ಧ ಗಂಟೆಯಲ್ಲಿ ಎರಡು ಮೀನು ನೇರವಾದವು. ಮೂರನೆಯದು ಆಗಲಿಲ್ಲ.

ಆಯಿ ಒಳಗೆ ಹೋಗಿ ದೇವರ ಕೋಣೆಯ ಹೊಸ್ತಿಲ ಮೇಲೆ ಕೂತಳು. ನಾನು ಹತ್ತಿರ ಹೋದೆ.

"ಎಂಗೆ ಗೊತ್ತಿತ್ತಿಲ್ಲೆ" ಎಂದಳು. "ಚೊಕ್ಕ ಆಗ್ಲಿ ಹೇಳಿ ಮಾಡಿದಿ."

"ನಾನೇ ಸರಿಯಾಗಿ ಹೇಳಕಾಗಿತ್ತು, ಆಯಿ. ಬರೀ ಸೋಪು ಹೇಳಿ ಹೇಳಿದಿ."

"ಆ ಸತ್ತಿದ್ದನ್ನ ಎಂತ ಮಾಡಿದೆ?"

"ಹಿತ್ತಲಲ್ಲಿ ಹುಗಿತೆ."

"ತೆಂಗಿನ ಬುಡದಲ್ಲಿ ಹುಗಿ. ಬೆಕ್ಕು ಕೆದಕದ ಹಾಂಗೆ ಮೇಲೆ ಒಂದು ಕಲ್ಲು ಇಡು" ಎಂದಳು. ಆ ಹೊತ್ತು ಅವಳು ಊಟಕ್ಕೆ ಕೂತರೂ ಅನ್ನ ಕಲಸುತ್ತಲೇ ಇದ್ದಳು. ಜೀವಮಾನದಲ್ಲಿ ಮೀನನ್ನು ಕಣ್ಣೆತ್ತಿ ನೋಡದಿದ್ದವಳು ಒಂದು ಮರಿಮೀನಿಗಾಗಿ ಅಷ್ಟು ನೊಂದುಕೊಂಡಿದ್ದಳು.

ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಬಾವಿಯ ರಾಟೆ ಗಿರಗಿರ ಎನ್ನುತ್ತಿತ್ತು. ಆಯಿ ಸೀರೆಯನ್ನು ಮೇಲೆ ಕಟ್ಟಿ ನೀರು ಸೇದುತ್ತಿದ್ದಳು. "ಬಾ, ಪುಸ್ತಕ ತಗಂಡು ಬಾ. ಆ ಬೀಬಿ ಎಂತ ಹೇಳಿದ್ದು, ಒಂದೂ ಬಿಡದ್ದೆ ಓದು" ಎಂದಳು. ನಾನು ಕಟ್ಟೆಯ ಮೇಲೆ ಕೂತು ಓದಿದೆ. ತಾಮ್ರದ ಮಾತು ಬಂದಾಗ ಅವಳು ಕೈಯಲ್ಲಿದ್ದ ಕೊಡ ನೋಡಿ, ಅದನ್ನು ಬದಿಗಿಟ್ಟು ತಗಡಿನ ಬಾಲ್ದಿ ತಂದಳು. ತಗಡು ಆದೀತೋ ಇಲ್ಲವೋ ಎಂದು ನನಗೂ ಗೊತ್ತಿರಲಿಲ್ಲ. ಅದನ್ನೂ ಬಿಟ್ಟು ಮಣ್ಣಿನ ಕೊಡಕ್ಕೇ ಬಂದೆವು. ತೊಟ್ಟಿ ತುಂಬಿಸುವುದು, ಒಂದು ತಾಸು ಬಿಡುವುದು, ಚೆಲ್ಲುವುದು, ಕೈಯಿಂದ ಕಲಕಿ ನೊರೆ ಬರುತ್ತದೋ ನೋಡುವುದು. ಮರಳನ್ನು ಎಸೆದು ಹೊಸತು ತಂದೆವು. ಹತ್ತಿ, ರಾಳದ ಸಂದಿಗಳಲ್ಲಿ ಅಂಟುವಾಳ ಉಳಿದೀತೆಂದು ಆಯಿ ಬಿಂಬುಳಿ ರಸವನ್ನು ಕೋಳಿಯ ಪುಕ್ಕದಿಂದ ಹಚ್ಚಿದಳು. ಕೋಳಿಯ ಪುಕ್ಕ ಎಲ್ಲಿಂದ ಬಂತು ಎಂದು ಕೇಳಿದೆ. "ನೆರೆಮನೆಯವರ ಹತ್ರ ಬೇಡಿದಿ. ಯಾರಿಗೂ ಹೇಳಡ" ಎಂದಳು. ಹೀಗೆ ಐದು ದಿನ. ಐದನೆಯ ದಿನ ಗುಳ್ಳೆ ಮೇಲೆ ಬಂದು ಸುಮ್ಮನೆ ಒಡೆಯಿತು. ನೀರಿನ ಮೇಲೆ ಏನೂ ಉಳಿಯಲಿಲ್ಲ. ಆಯಿ ಬಗ್ಗಿ ಬಹಳ ಹೊತ್ತು ನೋಡಿ, "ಆತು" ಎಂದಳು.

ಆ ಐದೂ ದಿನ ಎರಡು ಮೀನುಗಳು ಕೊಡದಲ್ಲೇ ಇದ್ದವು. ಎರಡು ದಿನಕ್ಕೊಮ್ಮೆ ದೋಣಿಯ ಹಿರಿಯ ಬಂದರಿನಿಂದ ಒಂದು ಮಡಕೆ ಹೊಸ ನೀರು ತಂದುಕೊಟ್ಟ. ಶಾಲೆ ತೆರೆದ ದಿನ ನಾಲ್ಕು ಜನ ಸೇರಿ ತೊಟ್ಟಿಯನ್ನು ವಿಜ್ಞಾನದ ಕೋಣೆಗೆ ಒಯ್ದು, ಹೊಸ ಕಡಲ ನೀರು ತುಂಬಿ ಎರಡೂ ಮೀನುಗಳನ್ನು ಬಿಟ್ಟೆವು. ಎರಡು ಮೀನು ಒಂದು ತಿಂಗಳಲ್ಲಿ ಒಂಬತ್ತಾದವು. ಬಂದರಿನ ಮಕ್ಕಳು ತಂಬಿಗೆಯಲ್ಲಿ, ಡಬ್ಬಿಯಲ್ಲಿ ಏನೇನೋ ತಂದರು. ಕೆಲವನ್ನು ಇಟ್ಟುಕೊಂಡೆವು, ಕೆಲವನ್ನು ತಿರುಗಿ ಕಳಿಸಿದೆವು. ಸನ್ಯಾಸಿ ಏಡಿಗಳು ನಾಲ್ಕು ಬಂದವು. ನಿಜವಾಗಿಯೂ ಕಲ್ಲಿನ ಬಣ್ಣವೇ. ತರಗತಿಯಲ್ಲಿ ಅದನ್ನು ನಾನು ಒಪ್ಪಿಕೊಂಡು ಹೇಳಿದೆ, ಮಕ್ಕಳು ಔದಾರ್ಯದಿಂದ ಸುಮ್ಮನಿದ್ದರು.

ಆಯಿ ಮಧ್ಯಾಹ್ನದ ಊಟದ ಡಬ್ಬಿ ತರುವ ನೆಪದಲ್ಲಿ ದಿನಾ ವಿಜ್ಞಾನದ ಕೋಣೆಯವರೆಗೆ ಬರತೊಡಗಿದಳು. ಮೊದಲು ಡಬ್ಬಿ ಜವಾನನ ಕೈಯಲ್ಲಿ ಕೊಟ್ಟು ಹೋಗುತ್ತಿದ್ದವಳು. ಒಂದು ದಿನ ಅವಳು ನೋಡುತ್ತಿದ್ದಂತೆ ಏಡಿಯೊಂದು ತನ್ನ ಶಂಖದಿಂದ ಹೊರಬಂದು, ಬೆತ್ತಲೆ ಹಿಂಭಾಗವನ್ನು ಅವಸರದಿಂದ ಪಕ್ಕದ ದೊಡ್ಡ ಶಂಖದೊಳಗೆ ತೂರಿಸಿ ಕೂತಿತು. ಎರಡು ನಿಮಿಷ ಕೂಡ ಹಿಡಿಯಲಿಲ್ಲ. ಮತ್ತೆ ಹೊರಬಂದು ಹಳೆಯದಕ್ಕೇ ಹೋಯಿತು.

"ಎಂತಕ್ಕೆ ತಿರುಗಿ ಹೋತು?" ಎಂದು ಆಯಿ ಕೇಳಿದಳು.

"ಹೊಸದು ಸರಿ ಹೋಯ್ದಿಲ್ಲೆ ಕಾಣ್ತು."

"ಬಚ್ಚಲು ಸಣ್ಣಕಿದ್ದಿಕ್ಕು" ಎಂದಳು ಗಂಭೀರವಾಗಿ. ನಾವು ಹಿಂದಿನ ವರ್ಷ ಬಾಡಿಗೆ ಮನೆ ಹುಡುಕಿದಾಗ ಅವಳು ಬೇಡವೆಂದ ಎಲ್ಲ ಮನೆಗಳ ತಕರಾರೂ ಅದೇ ಆಗಿತ್ತು. ಕೋಣೆಯಲ್ಲಿದ್ದ ಹೆಡ್‌ಮಾಸ್ತರರು ನಗು ತಡೆಯಲಾರದೆ ಹೊರಗೆ ಹೋದರು.

ಮೇ ತಿಂಗಳ ಕೊನೆಗೆ ಆಕಾಶ ಕಪ್ಪಗಾಗತೊಡಗಿತು. ಮಳೆಗಾಲದಲ್ಲಿ ಹೊಳೆಗಳ ಕೆಂಪುನೀರು ಸೇರಿ ದಡದ ಕಡಲು ಉಪ್ಪು ಕಳೆದುಕೊಳ್ಳುತ್ತದೆ. ಆಮೇಲೆ ನಾಲ್ಕು ತಿಂಗಳು ಒಳ್ಳೆಯ ನೀರು ಸಿಗುವುದಿಲ್ಲ. ಮಳೆ ಬೀಳುವ ಮೊದಲೇ ಎಲ್ಲವನ್ನೂ ಕಡಲಿಗೆ ಬಿಡುವುದೆಂದು ತೀರ್ಮಾನಿಸಿದೆ. ಆಯಿ ತಾನೂ ಬರುತ್ತೇನೆಂದಳು. ಅವಳು ಅಮಾವಾಸ್ಯೆಯ ಸಮುದ್ರಸ್ನಾನಕ್ಕೆ ಬಿಟ್ಟರೆ ಕಡಲ ಬದಿಗೆ ಹೋದವಳಲ್ಲ. ಬೆಳಿಗ್ಗೆ ಏಳು ಗಂಟೆಗೆ ಗಾಡಿಯಲ್ಲಿ ಮೂರು ಕೊಡ ಇಟ್ಟುಕೊಂಡು ಹೊರಟೆವು. ಒಂದನ್ನು ಅವಳು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಇಳಿತದ ಹೊತ್ತು. ಬಂಡೆಗಳ ಹೊಂಡಗಳಲ್ಲಿ ನೀರು ಗಾಜಿನ ಹಾಗೆ ನಿಂತಿತ್ತು. ನಾನು ಏಡಿಗಳನ್ನು ಒಂದೊಂದಾಗಿ ಬಿಟ್ಟೆ. ಆಯಿ ಸೀರೆ ಎತ್ತಿ ಕಟ್ಟದೆಯೇ ಮೊಣಕಾಲ ಮಟ್ಟದ ನೀರಿಗಿಳಿದು, ಕೊಡವನ್ನು ಓರೆ ಮಾಡಿ ಮುಳುಗಿಸಿ ಹಿಡಿದಳು. ಮೀನುಗಳು ಕೂಡಲೇ ಹೊರಗೆ ಬರಲಿಲ್ಲ. "ಹೋಗಿ, ಹೋಗಿ. ಅವಸರ ಇಲ್ಲೆ" ಎನ್ನುತ್ತ ಬಗ್ಗಿಯೇ ನಿಂತಳು. ಒಂದು ಹೊರಟಿತು, ಅದರ ಹಿಂದೆ ಉಳಿದವು. ಮರಳಿನ ಮೇಲೆ ಹೋದದ್ದೇ ತಡ, ಎಲ್ಲಿ ಮೀನು ಎಲ್ಲಿ ಮರಳು ತಿಳಿಯದಾಯಿತು.

ಹಿಂದಿರುಗುವಾಗ ಗಾಡಿಯವನು ಎತ್ತುಗಳಿಗೆ ನೀರು ಕುಡಿಸಲು ಹೋಗಿದ್ದ. ನಾವಿಬ್ಬರೂ ಒಂದು ಮಗುಚಿದ ದೋಣಿಯ ನೆರಳಿನಲ್ಲಿ ಕೂತೆವು. ಆಯಿಯ ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಸೆರಗಿನ ಗಂಟು ಬಿಚ್ಚಿ ಹುರಿದ ಶೇಂಗಾ ತೆಗೆದು ನನಗೆ ಅರ್ಧ ಕೊಟ್ಟಳು.

"ಗಾಡಿ ಸಾವಕಾಶ ಬರಲಿ" ಎಂದು ಕಾಲು ಚಾಚಿದಳು. "ಗಾಳಿ ಲಾಯ್ಕಿದ್ದು."